ಅವಸರದ ಚಿಕ್ಕಮ್ಮ ಮತ್ತು ಮಿಂಚುಳ್ಳಿ ಅಂಗಿಗಳು

ನಮ್ಮ ಚಿಕ್ಕಮ್ಮ ಹುಟ್ಟಿದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ. ಒಳಗೆ ಹೋಗುವಷ್ಟು ಪುರುಸೊತ್ತು ಅವಳಿಗಿರಲಿಲ್ಲ ಎಂದು ಅಜ್ಜಿ ಹೇಳಿಕೊಂಡು ನಗುತ್ತಿದ್ದಳು. ಆಮೇಲೂ ಅವಳದು ಅದೇ ಜಾಯಮಾನ. ನಡೆಯುವ ಮೊದಲೇ ಓಡಿದಳು, ಪೂರ್ತಿ ಓದುವ ಮೊದಲೇ ಪುಟ ತಿರುಗಿಸಿದಳು, ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟಳು. ಅವಳ ಮನೆಯಲ್ಲಿ ಚಹಾ ಕುಡಿದವರು ಬಾಯಿ ಸುಟ್ಟುಕೊಳ್ಳದೆ ಎದ್ದು ಬಂದದ್ದು ನಾನು ಕಾಣೆ. ಲೋಟ ನಮ್ಮ ಕೈಗೆ ಬಂದ ಮರುಗಳಿಗೆಯೇ ಅದನ್ನು ತೊಳೆದಿಡಲು ಅವಳು ಕೈಚಾಚಿ ನಿಂತಿರುತ್ತಿದ್ದಳು.

ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಿದ ಮೇಲೆ ಅವಳ ಅವಸರಕ್ಕೊಂದು ನೆಲೆ ಸಿಕ್ಕಿತು. ಶರ್ಟಿಗೆ ಕಾಲರ್ ಕೂರಿಸುವುದು ಅವಳ ಪಾಲಿನ ಕೆಲಸ. ಅವಳ ಮಷಿನ್ನಿನ ಮುಂದೆ ಕಾಲರುಗಳ ಗುಡ್ಡೆ ಬೆಳೆಯುವುದೇ ಇರಲಿಲ್ಲ. ಪಕ್ಕದವಳ ಗುಡ್ಡೆಯನ್ನೂ ಎಳೆದುಕೊಂಡು ಮುಗಿಸಿಬಿಡುತ್ತಿದ್ದಳು. ಸೂಪರ್‌ವೈಸರು ಅವಳಿಗೆ 'ಬಿರುಗಾಳಿ' ಎಂದು ಹೆಸರಿಟ್ಟಿದ್ದ. ಆ ಹೆಸರು ಕೇಳಿದರೆ ಅವಳ ಮುಖ ಒಂದು ಸುತ್ತು ಅಗಲವಾಗುತ್ತಿತ್ತು.

ಇಂಥವಳಿಗೆ ಗಂಟು ಬಿದ್ದವನು ನಮ್ಮ ಚಿಕ್ಕಪ್ಪ. ಗಡಿಯಾರ ರಿಪೇರಿ ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಕೆಳಗೊಂದು ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ತಿರುಪುಗಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟ ಹಿಡಿದು ಕೂತನೆಂದರೆ ಉಸಿರನ್ನೂ ಅಳೆದು ಬಿಡುತ್ತಿದ್ದ. ಊಟಕ್ಕೆ ಕರೆದರೆ "ಬಂದೆ" ಎನ್ನುವುದು, ಸಾರು ಆರಿದ ಮೇಲೆ ಬರುವುದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರ ಜಗಳ ಇರುತ್ತಿದ್ದದ್ದೇ ಉಣ್ಣುವುದರ ಬಗ್ಗೆ: ಅವಳು ಉಂಡು ಕೈ ತೊಳೆದಾಗ ಅವನು ಇನ್ನೂ ತಟ್ಟೆ ಒರೆಸುತ್ತಿರುತ್ತಿದ್ದ.

ಹೀಗೇ ನಡೆದುಕೊಂಡು ಹೋಗುತ್ತಿದ್ದಾಗ ಕಾರ್ಖಾನೆ ಬಾಗಿಲು ಹಾಕಿ ಬೇರೆ ಊರಿಗೆ ಎದ್ದು ಹೋಯಿತು. ಚಿಕ್ಕಮ್ಮ ಮನೆಯಲ್ಲಿ ಉಳಿದಳು. ಆಗ ಶುರುವಾಯಿತು ಚಿಕ್ಕಪ್ಪನ ಕಷ್ಟಕಾಲ. ಅವಳು ಬೀರುವನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಿದಳು, ಮಾರನೆಯ ವಾರ ವಾಪಸ್ಸು ಸರಿಸಿದಳು. ಪರದೆಗಳನ್ನು ಬಿಚ್ಚಿ ದಿಂಬಿನ ಚೀಲ ಮಾಡಿದಳು. ಒಂದು ದಿನ ಗಂಡನ ಮೇಜನ್ನೂ ಒರೆಸಿ ಫಳಫಳ ಮಾಡಿಬಿಟ್ಟಳು. ಯಾರದೋ ತಾತನ ಕಾಲದ ಕೈಗಡಿಯಾರದ ಹೊಟ್ಟೆಯೊಳಗಿನ ಸಾಮಾನೆಲ್ಲ ಕಸದ ಮೊರಕ್ಕೆ ಹೋಯಿತು. ಚಿಕ್ಕಪ್ಪ ಬೈಯಲಿಲ್ಲ. ಮೊರದ ಕಸವನ್ನು ಪೇಪರಿನ ಮೇಲೆ ಸುರಿದುಕೊಂಡು ಸಂಜೆಯವರೆಗೆ ಚಿಮಟದಿಂದ ಹೆಕ್ಕಿದ. ಅವನು ಬೈದಿದ್ದರೇ ವಾಸಿಯಿತ್ತು ಎಂದು ಅವಳು ನಮ್ಮಮ್ಮನ ಹತ್ತಿರ ಹೇಳಿಕೊಂಡು ಅತ್ತಳಂತೆ. ಅವಳು ಅತ್ತದ್ದನ್ನು ನಮ್ಮಮ್ಮ ಕಂಡದ್ದೂ ಅದೇ ಮೊದಲು.

ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಹಿರಿಯಳೊಬ್ಬಳಿದ್ದಳು. ಎಲ್ಲರಿಗೂ ಅವಳು ಕತ್ತರಿ ಅಕ್ಕ. ಒಂದು ದಿನ ಬಂದವಳು, ಪೇಟೆಯ ತುದಿಯಲ್ಲಿ ಬಟ್ಟೆ ಮೇಲೆ ಚಿತ್ರ ಅಚ್ಚು ಹಾಕುವ ಅಂಗಡಿಯೊಂದನ್ನು ಮುಚ್ಚುತ್ತಿದ್ದಾರೆ, ಮಷಿನ್ನುಗಳನ್ನು ಸಿಕ್ಕಿದ ಬೆಲೆಗೆ ಕೊಡುತ್ತಾರಂತೆ ಎಂದು ಸುದ್ದಿ ಹೇಳಿದಳು. ಹೇಳಿದ್ದು ಬರೀ ಸುದ್ದಿಗಾಗಿ. ಚಿಕ್ಕಮ್ಮ ಅಷ್ಟರಲ್ಲಿ ಚಪ್ಪಲಿ ಮೆಟ್ಟಿಯಾಗಿತ್ತು. ಸಂಜೆ ಚಿಕ್ಕಪ್ಪ ತಲೆ ಎತ್ತಿ ನೋಡಿದಾಗ, ಮಂಚದಷ್ಟು ಅಗಲದ ಹೀಟ್ ಪ್ರೆಸ್ಸನ್ನು ಹೊತ್ತ ಆಳುಗಳು ಬಾಗಿಲಲ್ಲಿ ನಿಂತಿದ್ದರು. ಎಲ್ಲಿ ಇಳಿಸೋಣ ಎಂದು ಅವರು ಅವನನ್ನೇ ಕೇಳಿದರು. ಅವನು ತುಸು ಯೋಚಿಸಿ, ತನ್ನ ಮೇಜನ್ನು ಮೂಲೆಗೆ ಸರಿಸಿಕೊಂಡು ಜಾಗ ಬಿಟ್ಟ.

ಸಬ್ಲಿಮೇಷನ್ ಪ್ರಿಂಟಿಂಗ್ ಎನ್ನುವ ಆ ಕೆಲಸ ನೋಡಲು ಸುಲಭ. ಚಿತ್ರವನ್ನು ವಿಶೇಷ ಶಾಯಿಯಲ್ಲಿ ಕಾಗದದ ಮೇಲೆ ಪ್ರಿಂಟ್ ಮಾಡಬೇಕು. ಕಾಗದವನ್ನು ಬಟ್ಟೆಯ ಮೇಲೆ ಬೋರಲು ಹಾಕಿ, ಕಾದ ಪ್ರೆಸ್ಸಿನಲ್ಲಿಟ್ಟು ಒತ್ತಬೇಕು. ಶಾಯಿ ಬಿಸಿಗೆ ಆವಿಯಾಗಿ ನೂಲಿನೊಳಕ್ಕೇ ಇಳಿದು ಕೂತುಬಿಡುತ್ತದೆ. ಕೈಯಾಡಿಸಿದರೆ ಬಣ್ಣ ಹಚ್ಚಿದ ಗುರುತೇ ಸಿಗುವುದಿಲ್ಲ. ಮಾರಿದವನು ಇನ್ನೂ ಏನೇನೋ ಹೇಳುತ್ತಿದ್ದನಂತೆ. ಚಿಕ್ಕಮ್ಮ "ಗೊತ್ತಾಯ್ತು ಬಿಡಿ" ಎಂದು ಅರ್ಧಕ್ಕೇ ಎದ್ದು ಬಂದಿದ್ದಳು.

ಉಳಿದರ್ಧವನ್ನು ಗಿರಾಕಿಗಳು ಹೇಳಿಕೊಟ್ಟರು.

ಮೊದಲ ಗಿರಾಕಿ ಪಕ್ಕದ ಮನೆಯ ರಿಟೈರ್ಡ್ ಟೀಚರ್. ತನ್ನ ಮೊಮ್ಮಗನ ಫೋಟೋವನ್ನು ಅಂಗಿಯ ಎದೆಯ ಮೇಲೆ ಹಾಕಿಸಿಕೊಂಡು ಬೀದಿಯುದ್ದಕ್ಕೂ ಮೆರೆದು ಬಂದಿದ್ದಳು. ವಾರದೊಳಗೆ ಅಂಗಿ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ನನ್ನ ಮೊಮ್ಮಗನನ್ನ ಏನು ಮಾಡಿದೆ ಹೇಳು. ಒಂದೇ ಒಗೆತಕ್ಕೆ ಹೊರಟುಹೋದ."

ನಿಜಕ್ಕೂ ಮಗುವಿನ ಮುಖ ಮಂಜಿನಲ್ಲಿ ನಿಂತಂತೆ ಮಸುಕಾಗಿತ್ತು. ಅಂಗಿ ಅಪ್ಪಟ ಹತ್ತಿಯದು. ಈ ಶಾಯಿ ಹತ್ತಿಯನ್ನು ಕಚ್ಚುವುದಿಲ್ಲ, ಪಾಲಿಯೆಸ್ಟರ್ ಬೇಕು, ಅದೂ ಬಿಳಿಯದೋ ತೀರ ತೆಳು ಬಣ್ಣದ್ದೋ ಆಗಿರಬೇಕು ಎಂಬುದು ಕಾಗದ ಮಾರುವವನನ್ನು ಕೇಳಿದ ಮೇಲೆ ತಿಳಿಯಿತು. ಚಿಕ್ಕಮ್ಮ ಹೊಸ ಅಂಗಿ ತಂದು ಮೊಮ್ಮಗನನ್ನು ಮತ್ತೆ ಹಾಕಿಕೊಟ್ಟಳು. ಅವನು ಇವತ್ತಿಗೂ ಹಾಗೇ ನಗುತ್ತಿದ್ದಾನೆ. ಅಂಗಿಯೇ ಸವೆಯುತ್ತಿದೆ, ಅವನು ಸವೆದಿಲ್ಲ.

ಆಮೇಲೆ ಬಂದವರು ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರುಗಳು. ಎಲ್ಲರಿಗೂ ಒಂದೇ ಥರದ ಟೀ ಶರ್ಟು, ಎದೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಆಂಬುಲೆನ್ಸ್' ಎಂದಿರಬೇಕು. ಚಿಕ್ಕಮ್ಮ ಸರಿಯಾದ ಬಟ್ಟೆ ತಂದಳು, ಚಕಚಕನೆ ಒತ್ತಿದಳು, ಮಡಚಿಟ್ಟಳು, ಮಡಚಿದ ಮೇಲೆ ನೋಡಿದಳು. ಅಕ್ಷರಗಳೆಲ್ಲ ಎಡಬಲ ತಿರುಗಿ ನಿಂತಿದ್ದವು. ಕಾಗದ ಬೋರಲು ಬೀಳುತ್ತದಲ್ಲ, ಹಾಗಾಗಿ ಅದರ ಮೇಲೆ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರಬೇಕು. ಅದನ್ನು ತಿರುಗಿಸಲು ಮರೆತಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡದಿರಬಹುದು, ಈ ಕೆಲಸಕ್ಕೆ ಬೇಕೇ ಬೇಕು.

ಡ್ರೈವರುಗಳ ಮುಖ್ಯಸ್ಥ ಬರುವ ಹೊತ್ತಿಗೆ ಅವಳು ಬಾಗಿಲಲ್ಲೇ ನಿಂತಿದ್ದಳು. ತಪ್ಪಾಯಿತು, ಎಲ್ಲ ಬೇರೆ ಮಾಡಿಕೊಡುತ್ತೇನೆ ಎಂದಳು. ಅವನು ಒಂದು ಶರ್ಟನ್ನು ಬಿಡಿಸಿ ಎದುರಿಗೆ ಹಿಡಿದ. ಕುತ್ತಿಗೆ ವಾಲಿಸಿ ನೋಡಿದ. ಆಮೇಲೆ ಹೊಟ್ಟೆ ಕುಣಿಯುವಂತೆ ನಗಲು ಶುರುಮಾಡಿದ.

"ನಮ್ಮ ಗಾಡಿ ಮುಂದೆ ಬರೆದಿರೋದೂ ಹೀಗೇ ಅಲ್ವೇನಮ್ಮ, ಮುಂದಿನ ಗಾಡಿಯೋರಿಗೆ ಕನ್ನಡಿಲಿ ಕಾಣ್ಲಿ ಅಂತ? ಇರ್ಲಿ ಬಿಡಿ. ನಾವು ನಡ್ಕೊಂಡು ಹೋಗ್ತಿದ್ರೂ ಜನ ದಾರಿ ಬಿಡ್ತಾರೆ."

ಅವರು ಆ ಶರ್ಟುಗಳನ್ನೇ ತೊಟ್ಟು ಓಡಾಡಿದರು. ಊರಿಗೆಲ್ಲ ಅದೊಂದು ತಮಾಷೆಯಾಯಿತು, ಅದರಿಂದ ನಾಲ್ಕು ಗಿರಾಕಿಗಳೂ ಬಂದರು. ಆದರೆ ಚಿಕ್ಕಮ್ಮ ಅವತ್ತು ನಗಲಿಲ್ಲ. ಅವರು ಒಳ್ಳೆಯವರು, ಹೊಟ್ಟೆಗೆ ಹಾಕಿಕೊಂಡರು, ಬರುವವರೆಲ್ಲ ಆಂಬುಲೆನ್ಸ್ ಓಡಿಸುವವರೇ ಆಗಿರುತ್ತಾರಾ ಎಂದು ನಮ್ಮಮ್ಮನಿಗೆ ಹೇಳಿದಳಂತೆ.

ಆಗಿರಲಿಲ್ಲ. ಮುಂದೆ ಬಂದವನು ಕ್ಷೌರದಂಗಡಿಯವನು. ಬೀದಿಗೆಲ್ಲ ಪ್ರಸಿದ್ಧವಾದ ಮೀಸೆ ಅವನದು. ಎರಡೂ ತುದಿಗೆ ನಿಂಬೆಹಣ್ಣು ನಿಲ್ಲಿಸಬಹುದು ಎನ್ನುತ್ತಿದ್ದರು. ಗಿರಾಕಿಗಳ ಕುತ್ತಿಗೆಗೆ ಕಟ್ಟುವ ಬಟ್ಟೆಯ ಮೇಲೆ ತನ್ನ ಮೀಸೆಯ ಮುಖವೇ ಬರಬೇಕೆಂದು ಅವನ ಆಸೆ. ಚಿಕ್ಕಮ್ಮ ಎಲ್ಲ ನೆನಪಿಟ್ಟುಕೊಂಡೇ ಮಾಡಿದಳು. ಬಟ್ಟೆ ಪಾಲಿಯೆಸ್ಟರು, ಚಿತ್ರ ತಿರುಗಿಸಿದ್ದು. ಆದರೆ ಹೊತ್ತು ತುಂಬಿತೆಂದು ಪ್ರೆಸ್ಸು ಕೀ ಎಂದು ಕೂಗುವವರೆಗೆ ನಿಲ್ಲಲು ಅವಳಿಂದಾಗಲಿಲ್ಲ. ಹ್ಯಾಂಡಲ್ ಎತ್ತಿ ಕಾಗದವನ್ನು ಸರ್ರನೆ ಎಳೆದಳು. ಕಾಗದ ಎದ್ದು, ಜಾರಿ, ಇನ್ನೊಂದು ಕಡೆ ತಗುಲಿತು. ಬಿಸಿ ಆರಿರಲಿಲ್ಲವಾದ್ದರಿಂದ ಅಲ್ಲೂ ನೆರಳಿನಂತೆ ಅಚ್ಚು ಬಿದ್ದಿತು. ಕ್ಷೌರದವನಿಗೆ ಒಂದರ ಕೆಳಗೊಂದು ಎರಡು ಮೀಸೆ ಬಂದಿದ್ದವು. ಸಾಲದ್ದಕ್ಕೆ ಮೂಗಿನ ತುದಿಯಲ್ಲೊಂದು ನೀಲಿ ಚುಕ್ಕೆ. ಬಟ್ಟೆಯ ಮೇಲೆ ಕೂತಿದ್ದ ಕಣ್ಣಿಗೆ ಕಾಣದ ಯಾವುದೋ ಎಳೆ ಬಿಸಿಗೆ ಬಣ್ಣ ಬಿಟ್ಟಿತ್ತು.

ಅವನು ಬಟ್ಟೆಯನ್ನು ನೋಡಿ ತನ್ನ ಮೀಸೆ ಮುಟ್ಟಿಕೊಂಡ. ಒಂದನ್ನು ಸಾಕುವುದೇ ಕಷ್ಟವಾಗಿದೆ ಅಕ್ಕಾ, ಎರಡನೆಯದು ನೀವೇ ಇಟ್ಟುಕೊಳ್ಳಿ ಎಂದು ಬಿಟ್ಟು ಹೋದ.

ಚಿಕ್ಕಮ್ಮ ಪ್ರೆಸ್ಸಿನ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅವಳು ಕೂತದ್ದನ್ನು ಕಂಡು ಚಿಕ್ಕಪ್ಪನಿಗೆ ಗಾಬರಿಯಾಯಿತು. ಮೂಲೆಯ ಮೇಜಿನಿಂದ ಅವನು ಇಷ್ಟು ದಿನವೂ ಎಲ್ಲವನ್ನೂ ನೋಡುತ್ತಿದ್ದ. ಹೇಳಿದರೆ ಎಲ್ಲಿ ಮನೆ ಹಾರಿಹೋಗುತ್ತದೋ ಎಂದು ಬಾಯಿ ಮುಚ್ಚಿಕೊಂಡಿದ್ದ. ಈಗ ಭೂತಗನ್ನಡಿ ತೆಗೆದಿಟ್ಟು ಎದ್ದು ಬಂದ.

"ಒಂದ್ಸಲ ನಾನು ನೋಡ್ಲಾ?"

"ನಿಮ್ಮ ಕೈಗೆ ಕೊಟ್ರೆ ಮುಗಿಯೋದು ಮುಂದಿನ ವರ್ಷಕ್ಕೆ," ಎಂದಳು ಅವಳು. ಆದರೂ ಸ್ಟೂಲು ಬಿಟ್ಟು ಎದ್ದಳು.

ಅವನು ಹೊಸ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅಂಟಿನ ರೋಲರಿನಿಂದ ಒರೆಸಿ, ಉಳಿದ ಎಳೆಗಳನ್ನು ಚಿಮಟದಿಂದ ಹೆಕ್ಕಿದ. ಬರೀ ಬಟ್ಟೆಯನ್ನೇ ಒಮ್ಮೆ ಪ್ರೆಸ್ಸಿಗೆ ಕೊಟ್ಟು ತೇವ ಓಡಿಸಿದ. ಕಾಗದದ ಮೂಲೆಗಳಿಗೆ ಬಿಸಿ ತಡೆಯುವ ಟೇಪು ಹಚ್ಚಿ ಕದಲದಂತೆ ಮಾಡಿದ. ಮೇಲೊಂದು, ಕೆಳಗೊಂದು ಖಾಲಿ ಕಾಗದ ಹಾಸಿದ. ಪ್ರೆಸ್ಸು ತಾನಾಗಿ ಕೂಗುವವರೆಗೂ ಕೈಕಟ್ಟಿ ನಿಂತ. ಅದು ಕೂಗಿದ ಮೇಲೆ, ಗಡಿಯಾರದ ಮುಚ್ಚಳ ತೆಗೆಯುವವನಂತೆ ಒಂದೇ ನೇರಕ್ಕೆ ಹ್ಯಾಂಡಲ್ ಎತ್ತಿ, ಕಾಗದವನ್ನು ಒಂದೇ ಎಳೆತಕ್ಕೆ ಬಿಡಿಸಿದ.

ಕಾಗದದ ಮೇಲೆ ಬೂದಿ ಬಳಿದಂತೆ ಮಂಕಾಗಿದ್ದ ಮುಖ ಬಟ್ಟೆಯ ಮೇಲೆ ಕೆಂಪು ಕೆನ್ನೆ, ಕಪ್ಪು ಮೀಸೆಯಾಗಿ ಎದ್ದು ಕೂತಿತ್ತು. ಮೀಸೆಯ ಒಂದೊಂದು ಕೂದಲೂ ಬೇರೆಬೇರೆಯಾಗಿ ಕಾಣುತ್ತಿತ್ತು. ಚಿಕ್ಕಮ್ಮ ಬಹಳ ಹೊತ್ತು ಅದನ್ನೇ ನೋಡಿದಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳದ ಗಂಡ ಅವತ್ತೂ ಹೇಳಲಿಲ್ಲ. ಅದಕ್ಕೇ ಇರಬೇಕು, ಅವಳು ಸೋತದ್ದನ್ನು ಒಪ್ಪಿಕೊಂಡಳು. ಒತ್ತುವ ಕೆಲಸ ಇನ್ನು ಮೇಲೆ ನಿಮ್ಮದೇ ಎಂದಳು.

ಕೆಲಸವೇನೋ ಚೊಕ್ಕವಾಯಿತು. ಆದರೆ ಚಿಕ್ಕಮ್ಮನಿಗೆ ಮಾಡಲು ಏನೂ ಉಳಿಯಲಿಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಜೋಡಿಸುವುದು, ಪ್ರಿಂಟ್ ತೆಗೆಯುವುದು ಅವಳಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಆಮೇಲೆ ಗಂಡನ ಬೆನ್ನ ಹಿಂದೆ ನಿಂತು ಉಸಿರು ಬಿಡುವುದೇ ಆಯಿತು. ಕುತ್ತಿಗೆಗೆ ಬಿಸಿಗಾಳಿ ಬರುತ್ತಿದೆ, ಪ್ರೆಸ್ಸಿನದೋ ನಿನ್ನದೋ ಎಂದು ಅವನು ಕೇಳುತ್ತಿದ್ದ.

ಅಂಥ ಹೊತ್ತಿನಲ್ಲಿ ಬಂದವಳು ಅಂಚೆಯಕ್ಕ. ಬೆಳಿಗ್ಗೆ ಬೀದಿಬೀದಿಗೆ ಅಂಚೆ ಹಂಚಿ, ಸಂಜೆ ಮೈದಾನದಲ್ಲಿ ಹೆಂಗಸರಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದಳು. ತರಕಾರಿ ಮಾರುವವಳು, ಬ್ಯಾಂಕಿನ ಗುಮಾಸ್ತೆ, ಕಾಲೇಜು ಹುಡುಗಿಯರು, ಮಗು ಹೆತ್ತು ವರ್ಷ ತುಂಬಿದ ದರ್ಜಿಯ ಸೊಸೆ, ಎಲ್ಲರೂ ಸೇರಿದ 'ಮಿಂಚುಳ್ಳಿ ತಂಡ' ಅದು. ಪಕ್ಕದೂರಿನವರ ಜೊತೆ ಪಂದ್ಯ ಗೊತ್ತಾಗಿತ್ತು. ಅಲ್ಲಿಯವರೆಗೆ ಅವರು ಗಂಡಂದಿರ, ತಮ್ಮಂದಿರ ಹಳೇ ಬನಿಯನ್ನು ತೊಟ್ಟೇ ಆಡಿದ್ದರು. ತಂಡದಲ್ಲಿದ್ದ ಡ್ರಾಯಿಂಗ್ ಟೀಚರ್ ಅಂಗಿಯ ಚಿತ್ರ ಬರೆದುಕೊಟ್ಟಿದ್ದಳು: ಎದೆಗೆ ಮಿಂಚುಳ್ಳಿಯ ಕಿತ್ತಳೆ ಬಣ್ಣ, ಬೆನ್ನಿಗೆ ನೀಲಿ, ತೋಳಿನ ತುದಿಯವರೆಗೆ ಗರಿಗಳು. ಕೈ ಎತ್ತಿದರೆ ರೆಕ್ಕೆ ಬಿಚ್ಚಿದಂತೆ ಕಾಣಬೇಕು.

ಚಿಕ್ಕಪ್ಪ ಅಂಗಡಿಯಿಂದ ಹೊಲಿದೇ ಸಿದ್ಧವಾದ ಬಿಳಿ ಅಂಗಿಯೊಂದನ್ನು ತಂದು, ಸುಕ್ಕಿಲ್ಲದಂತೆ ಹಾಸಿ, ತನ್ನೆಲ್ಲ ಜಾಣತನ ಬಳಸಿ ಒತ್ತಿದ. ತೆಗೆದು ನೋಡಿದರೆ ಎದೆ ಬೆನ್ನು ಚಿನ್ನದಂತಿವೆ. ಕಂಕುಳಲ್ಲಿ, ಪಕ್ಕದ ಹೊಲಿಗೆಯ ಉದ್ದಕ್ಕೆ, ಭುಜದ ಮಡಿಕೆಯಲ್ಲಿ ಬಿಳಿ ಗೀರುಗಳು. ಕಾಗದ ಮುಟ್ಟದ ಕಡೆ ಬಣ್ಣ ಇಳಿದಿರಲಿಲ್ಲ. ತೋಳಿನೊಳಗೆ ರಟ್ಟು ತುರುಕಿ ಮತ್ತೊಮ್ಮೆ ಮಾಡಿದ. ಗೀರು ಸಣ್ಣದಾಯಿತು, ಹೋಗಲಿಲ್ಲ. ಕೈ ಎತ್ತಿದರೆ ರೆಕ್ಕೆಯಲ್ಲ, ಹರಿದ ಛತ್ರಿ. ಇದು ನಮ್ಮಿಂದ ಆಗುವ ಕೆಲಸವಲ್ಲ ಎಂದು ಅಂಚೆಯಕ್ಕನಿಗೆ ಹೇಳಿಬಿಡೋಣ ಎಂದುಕೊಂಡು ಅವನು ಊಟಕ್ಕೆ ಕೂತ.

ಚಿಕ್ಕಮ್ಮ ಅವತ್ತು ಗಬಗಬ ಉಣ್ಣಲಿಲ್ಲ. ಬಿಳಿ ಗೀರಿನ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಗೆ ಸವರುತ್ತಿದ್ದಳು. ಇದ್ದಕ್ಕಿದ್ದಂತೆ ಕತ್ತರಿ ತಂದು ಪಕ್ಕದ ಹೊಲಿಗೆ ಬಿಚ್ಚಿದಳು, ಭುಜದ ಹೊಲಿಗೆ ಬಿಚ್ಚಿದಳು, ತೋಳು ಬಿಚ್ಚಿದಳು. ಅಂಗಿ ನಾಲ್ಕು ತುಂಡಾಗಿ ತಟ್ಟೆಯ ಪಕ್ಕ ಬಿದ್ದಿತು.

"ಅಂಗಿ ಯಾಕ್ರೀ ಒತ್ತಬೇಕು ನಾವು? ತುಂಡು ಒತ್ತೋಣ. ತುಂಡಿಗೆ ಕಂಕುಳೂ ಇಲ್ಲ, ಮಡಿಕೆನೂ ಇಲ್ಲ. ನೀವು ಒತ್ತಿ ಕೊಡಿ, ನಾನು ಹೊಲಿತೀನಿ."

ಚಿಕ್ಕಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅವನು ಸಾವಕಾಶವಾಗಿ ಅದನ್ನು ತಟ್ಟೆಗೆ ಇಳಿಸಿ, "ಹೌದಲ್ವೇ," ಎಂದ.

ಬೆಳಗಾಗುತ್ತಲೇ ಚಿಕ್ಕಮ್ಮ ಕತ್ತರಿ ಅಕ್ಕನ ಮನೆ ಬಾಗಿಲು ತಟ್ಟಿದಳು. ಅವಳ ಜೊತೆ ಕಾರ್ಖಾನೆಯ ಇನ್ನಿಬ್ಬರು ಹಳೇ ಗೆಳತಿಯರೂ ಬಂದರು. ಒಬ್ಬಳದು ತೋಳು ಕೂರಿಸುವ ಕೈ, ಇನ್ನೊಬ್ಬಳದು ಅಂಚು ಮಡಿಸುವ ಕೈ. ಮನೆಗಳ ಮೂಲೆಯಲ್ಲಿ ಮುಸುಕು ಹಾಕಿ ಕೂತಿದ್ದ ಹೊಲಿಗೆ ಮಷಿನ್ನುಗಳು ಗಾಡಿ ಏರಿ ಬಂದವು. ಮುಂದಿನ ಕೋಣೆ, ನಡುಮನೆ ತುಂಬಿ, ಒಂದು ಮಷಿನ್ನು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿತು. ಪಾತ್ರೆ ಬೇಕಾದವರು ಅದರ ಮೇಲಿಂದಲೇ ಕೈ ಚಾಚಬೇಕಿತ್ತು.

ಮೊದಲ ಅಂಗಿಯ ತೋಳು ಗಿಡ್ಡವಾಯಿತು. ಎಲ್ಲರೂ ತೋಳು ಕೂರಿಸಿದವಳ ಮುಖ ನೋಡಿದರು, ಅವಳು ಕತ್ತರಿ ಅಕ್ಕನ ಮುಖ ನೋಡಿದಳು. ಕತ್ತರಿ ಅಕ್ಕ ಯಾರ ಮುಖವನ್ನೂ ನೋಡಲಿಲ್ಲ. ಬಟ್ಟೆಯ ಚೌಕವೊಂದನ್ನು ಅಳೆದು, ಪ್ರೆಸ್ಸಿಗೆ ಕೊಡಿಸಿ, ಮತ್ತೆ ಅಳೆದಳು. ಬಿಸಿಗೆ ಬಟ್ಟೆ ಒಂದಿಷ್ಟು ಮುದುಡಿಕೊಂಡಿತ್ತು. ನಿನ್ನ ತಪ್ಪೂ ಅಲ್ಲ, ನನ್ನ ತಪ್ಪೂ ಅಲ್ಲ, ಬಟ್ಟೆಗೆ ಸೆಕೆ ಆಗಿದೆ ಎಂದು ಹೇಳಿ, ಮುಂದಿನದನ್ನೆಲ್ಲ ಅಷ್ಟಕ್ಕೆ ಸರಿಯಾಗಿ ದೊಡ್ಡದು ಮಾಡಿ ಕತ್ತರಿಸಿದಳು. ಕಾಗದದ ಮೇಲಿನ ಚಿತ್ರವನ್ನೂ ತುಂಡಿನ ಅಂಚು ದಾಟುವಂತೆ ಚಿಕ್ಕಮ್ಮ ಹಿಗ್ಗಿಸಿದಳು. ಗರಿಗಳು ಹೊಲಿಗೆಯೊಳಗೇ ಹೊಕ್ಕು ಆ ಕಡೆ ಎದ್ದು ಬಂದಂತೆ ಕಾಣತೊಡಗಿದವು.

ಆ ದಿನಗಳಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಬಾಗಿಲಲ್ಲೇ ನಿಂತು ನೋಡಿದೆ. ಚಿಕ್ಕಪ್ಪ ಒಂದು ತುಂಡನ್ನು ಬೆಳಕಿಗೆ ಹಿಡಿದು, ಹೆಕ್ಕಿ, ಟೇಪು ಹಚ್ಚಿ, ಒತ್ತಿ, ಕಾದು, ತೆಗೆದು ಪಕ್ಕಕ್ಕಿಡುತ್ತಿದ್ದ. ಎದೆ, ಬೆನ್ನು, ತೋಳು ಎಲ್ಲ ಕೂಡಿಬಂದ ಕೂಡಲೇ ಚಿಕ್ಕಮ್ಮ ಅದನ್ನು ಹದ್ದಿನಂತೆ ಎತ್ತಿಕೊಂಡು ಹೋಗಿ ಮಷಿನ್ನಿಗೆ ಕೊಡುತ್ತಿದ್ದಳು. ಅವನು ಮುಂದಿನ ತುಂಡಿನ ಎಳೆ ಹೆಕ್ಕಿ ಮುಗಿಸುವಷ್ಟರಲ್ಲಿ ಇವಳ ಕಡೆ ಅಂಗಿಗೆ ಕಾಲರ್ ಬಂದಿರುತ್ತಿತ್ತು. ಕಾರ್ಖಾನೆ ಬಿಟ್ಟ ಮೇಲೆ ಅವಳ ಮಷಿನ್ನಿನ ಆ ಸದ್ದನ್ನು ನಾನು ಕೇಳಿರಲಿಲ್ಲ. ಹೆಂಗಸರು ಕೆಲಸ ಮಾಡುತ್ತ ಹಳೇ ಸೂಪರ್‌ವೈಸರನ ನಡಿಗೆಯನ್ನು ಅಣಕಿಸಿ ತೋರಿಸಿ ನಗುತ್ತಿದ್ದರು. ಚಿಕ್ಕಪ್ಪನಿಗೆ ನಗು ಬಂದರೂ ಚಿಮಟ ಅಲುಗಬಾರದೆಂದು ತುಟಿ ಕಚ್ಚಿಕೊಂಡಿದ್ದ.

ಅಂಚೆಯಕ್ಕ ಅಂಗಿಗಳನ್ನು ಒಯ್ಯಲು ಬಂದಾಗ ತಂಡವನ್ನೇ ಕರೆದುಕೊಂಡು ಬಂದಳು. ತರಕಾರಿ ಮಾರುವವಳು ಮೊದಲು ತೊಟ್ಟಳು. ಅವಳು ಗೋಲು ಕಾಯುವವಳು, ಎತ್ತರದ ಆಳು. ಅಂಗಳಕ್ಕೆ ಹೋಗಿ ಎರಡೂ ಕೈ ಎತ್ತಿದಳು. ಕಂಕುಳಿನಿಂದ ಮಣಿಕಟ್ಟಿನವರೆಗೆ ಗರಿಗಳು ಬಿಚ್ಚಿಕೊಂಡವು, ಎಲ್ಲೂ ಒಂದು ಬಿಳಿ ಎಳೆಯಿಲ್ಲ. ಸುತ್ತ ನಿಂತವರೆಲ್ಲ ಅವಳ ತೋಳುಗಳನ್ನೇ ನೋಡುತ್ತ ನಿಂತರು. ಅವಳೇ ಸಂಕೋಚಪಟ್ಟುಕೊಂಡು, ಚೆನ್ನಾಗಿ ಕಾಣಿಸ್ತಿಲ್ವಾ ಎಂದು ಕೇಳಿದಳು. ಹೊಸ ಬಟ್ಟೆ ತೊಟ್ಟು ನನಗೆ ಅಭ್ಯಾಸವಿಲ್ಲ ಎಂದಳು. ಚಿಕ್ಕಮ್ಮ ಹೋಗಿ ಅವಳ ಕಾಲರ್ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

ಪಂದ್ಯಕ್ಕೆ ನಾವೆಲ್ಲ ಹೋಗಿದ್ದೆವು. ಮಿಂಚುಳ್ಳಿ ತಂಡ ಸೋತಿತು; ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಸೋತಿತು. ಆದರೆ ತರಕಾರಿಯವಳು ಒಂದು ಚೆಂಡಿಗೆ ಅಡ್ಡ ಹಾರಿದಳು ನೋಡಿ, ಹಸಿರು ಮೈದಾನದ ಮೇಲೆ ನೀಲಿ ಕಿತ್ತಳೆ ಮಿಂಚೊಂದು ಹೊಳೆದು ಹೋದಂತಾಯಿತು. ಆಚೆ ಕಡೆಯ ಜನವೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಗೆದ್ದ ತಂಡದ ನಾಯಕಿ ಟ್ರೋಫಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಕೇಳಿದ್ದು ಒಂದೇ ಮಾತು:

"ಈ ಅಂಗಿ ಎಲ್ಲಿ ಮಾಡಿಸಿದ್ರಿ?"

ಅಂಚೆಯಕ್ಕ ಜನರ ನಡುವೆ ಕೂತಿದ್ದ ಚಿಕ್ಕಮ್ಮನ ಕಡೆ ಬೆರಳು ತೋರಿಸಿದಳು. ಚಿಕ್ಕಮ್ಮ ಎದ್ದು ನಿಂತು ಗಂಡನ ಕಡೆ ಬೆರಳು ತೋರಿಸಿದಳು. ಚಿಕ್ಕಪ್ಪ ಕತ್ತರಿ ಅಕ್ಕನ ಕಡೆ ನೋಡಿದ. ಆ ನಾಯಕಿ ಯಾರನ್ನು ಮಾತಾಡಿಸಬೇಕೋ ತಿಳಿಯದೆ ಎಲ್ಲರಿಗೂ ಒಟ್ಟಿಗೆ ಕೈ ಮುಗಿದಳು.

ಈಗ ಆ ಮನೆಯಲ್ಲಿ ಅವರಿಗೆ ಜಾಗ ಸಾಲದೆ ಎದುರಿನ ಖಾಲಿ ಮಳಿಗೆಗೆ ಹೋಗಿದ್ದಾರೆ. ಕತ್ತರಿ ಅಕ್ಕ, ಇಬ್ಬರು ಗೆಳತಿಯರು ದಿನಾ ಬರುತ್ತಾರೆ. ಯಾರಾದರೂ ನಿಂತ ಗಡಿಯಾರ ತಂದರೆ ಚಿಕ್ಕಪ್ಪ ಪ್ರೆಸ್ಸು ಬಿಟ್ಟು ಮೇಜಿಗೆ ಹೋಗುತ್ತಾನೆ. ಆಗ ಚಿಕ್ಕಮ್ಮ ಒತ್ತುವ ಸಾಹಸಕ್ಕೆ ಕೈ ಹಾಕುವುದಿಲ್ಲ. ಅವನು ಬರುವವರೆಗೆ ಕಾಯುತ್ತಾಳೆ.

ಮೊನ್ನೆ ಮಧ್ಯಾಹ್ನ ಅತ್ತ ಹೋದಾಗ ಮಳಿಗೆಯಲ್ಲಿ ಸದ್ದಿರಲಿಲ್ಲ. ಗೆಳತಿಯರು ಊಟಕ್ಕೆ ಹೋಗಿದ್ದರು. ಬಿಳಿ ಬಟ್ಟೆಯ ಥಾನುಗಳಿಗೆ ಒರಗಿ ಚಿಕ್ಕಮ್ಮ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಹಗಲು ಹೊತ್ತಿನಲ್ಲಿ ಅವಳು ಕಣ್ಣು ಮುಚ್ಚಿದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿರಲಿಲ್ಲ. ನಾನು ಮಾತಾಡಲು ಬಾಯಿ ತೆರೆದೆ. ಚಿಕ್ಕಪ್ಪ ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ಪ್ರೆಸ್ಸು ಕೂಗಿ ಅವಳನ್ನು ಎಬ್ಬಿಸದಂತೆ, ಅದು ಬಾಯಿ ತೆರೆದ ಕ್ಷಣವೇ ಎತ್ತಿ ಸದ್ದು ಅಡಗಿಸಲೆಂದು, ಗುಬ್ಬಿ ಹಿಡಿಯುವವನ ಹಾಗೆ ಹ್ಯಾಂಡಲಿನ ಮೇಲೆ ಕೈಯಿಟ್ಟು ಅದರ ಮುಂದೆಯೇ ನಿಂತ.